ಸಡಿಲ ಬೀಡಿಯೂ ನನ್ನ ಹೆಬ್ಬೆರಳೂ

ಬೀಡಿ ಕಟ್ಟುವುದಕ್ಕೆ ಕಣ್ಣು ಬೇಡ. ಎಲೆ ಸುರುಟುವಾಗ ನಾನು ಟಿ.ವಿ. ನೋಡುತ್ತೇನೆ, ಸೊಸೆಗೆ ಬೈಯುತ್ತೇನೆ. ಹೊಗೆಸೊಪ್ಪಿನ ಹುಡಿ ಕಡಿಮೆಯಾದರೆ, ಸುರುಳಿ ಸಡಿಲವಾದರೆ ಹೆಬ್ಬೆರಳೇ ಹೇಳುತ್ತದೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಲಿತದ್ದೆಲ್ಲ ಬೆರಳಿನಲ್ಲೇ ಉಂಟು.

ಹೋದ ವರ್ಷ ಸಿದ್ಧಕಟ್ಟೆಯ ಬ್ರಾಂಚಿನಲ್ಲಿ, ಅಂದರೆ ಕಟ್ಟಿದ ಬೀಡಿ ಕೊಟ್ಟು ಹೊಸ ಎಲೆ ತರುವ ಜಾಗದಲ್ಲಿ, ಚೆಕ್ಕರ್ ನನ್ನ ನಾಲ್ಕು ಕಟ್ಟು ಬಿಸಾಡಿದ.

"ಸಡಿಲ ಉಂಟು, ದೊಡ್ಡಮ್ಮ."

"ನಿನ್ನ ಎಲೆ ಹಾಗುಂಟು. ಒಣಕಲು ಎಲೆ ಕೊಟ್ಟು ಬಿಗಿ ಬೀಡಿ ಬೇಕಾ ನಿನಗೆ?"

ನನ್ನ ಹೆಬ್ಬೆರಳು ಏನೂ ಹೇಳಿರಲಿಲ್ಲ. ಹಾಗಾಗಿ ತಪ್ಪು ಎಲೆಯದ್ದೇ ಎಂದು ನಂಬಿದ್ದೆ. ಮರುವಾರ ಎಂಟು ಕಟ್ಟು ಹೋಯಿತು.

"ಹೀಗೇ ಆದ್ರೆ ನಿಮಗೆ ಎಲೆ ಕೊಡುವುದು ನಿಲ್ಲಿಸಬೇಕಾಗ್ತದೆ. ಪ್ರಾಯವೂ ಆಯ್ತಲ್ಲ."

ಪ್ರಾಯ ಎಂದದ್ದಕ್ಕೆ ಸಿಟ್ಟು ಬಂತು. ಎಲೆ ಇಲ್ಲದೆ ನಾನು ದಿನವಿಡೀ ಮಾಡುವುದೇನು? ಸೊಸೆಗೆ ಬೈಯುವುದಾದರೂ ಎಷ್ಟು ಹೊತ್ತು?

ಕಂಡುಹಿಡಿದದ್ದು ಆ ಸೊಸೆಯೇ. ರವಿಕೆಯ ಹುಕ್ಕು ಹಾಕಲು ಅವಳನ್ನು ಕರೆಯುತ್ತಿದ್ದೆ. ಚಾದ ಗ್ಲಾಸು ಎರಡು ಸಲ ಕೈಜಾರಿತ್ತು. ಬೆಳಿಗ್ಗೆ ಎದ್ದು, ಜೋಮು ಹಿಡಿದ ಬಲಗೈಯನ್ನು ಒದ್ದೆ ಬಟ್ಟೆಯ ಹಾಗೆ ಕೊಡವುತ್ತಿದ್ದೆ.

"ಅತ್ತೆ, ಹಾಳಾದದ್ದು ಎಲೆ ಅಲ್ಲ, ನಿಮ್ಮ ಕೈ" ಎಂದು ಮೂಡುಬಿದಿರೆಯ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಸಣ್ಣ ಪ್ರಾಯದವರು. ಕಣ್ಣು ಮುಚ್ಚಿಸಿ ಹತ್ತಿಯಿಂದ ಬೆರಳು ಮುಟ್ಟಿದರು. ಕಿರುಬೆರಳಿಗೆ ಗೊತ್ತಾಯಿತು. ಆಮೇಲೆ ನಾನು ಕಾದೇ ಕಾದೆ.

"ಇನ್ನೂ ಮುಟ್ಟುವುದಿಲ್ವಾ?"

"ಮೂರು ಬೆರಳು ಮುಟ್ಟಿ ಆಯ್ತು, ಅಜ್ಜಿ."

ಸೊಸೆ ನಕ್ಕಳು. ಡಾಕ್ಟರಮ್ಮ ಮಣಿಕಟ್ಟಿಗೆ ತಟ್ಟಿದರು. ಕರೆಂಟು ಹೊಡೆದ ಹಾಗೆ ಬೆರಳ ತುದಿಯವರೆಗೆ ಜುಮ್ಮೆಂದಿತು. ಹೆಬ್ಬೆರಳ ಬುಡದ ಮಾಂಸ ಇಳಿದದ್ದನ್ನೂ ಅವರೇ ತೋರಿಸಿದರು.

"ಬೆರಳು ಮಡಿಸು ಅಂತ ಮೆದುಳು ಹೇಳುವುದೂ, ಮುಟ್ಟಿದ್ದು ಗೊತ್ತಾಯ್ತು ಅಂತ ಬೆರಳು ತಿರುಗಿ ಹೇಳುವುದೂ ನರದಲ್ಲೇ. ನಿಮ್ಮ ಒಂದು ನರ ಮಣಿಕಟ್ಟಿನಲ್ಲಿ ಒತ್ತಿ ಹೋಗಿದೆ."

"ನೂಲು ಬಿಗಿಯಾದ ಬೀಡಿಯಲ್ಲಿ ಹೊಗೆ ಬಾರದ ಹಾಗಾ?"

"ಹಾಗೇ."

"ಹಾಗಾದ್ರೆ ಬಿಚ್ಚಿ ಮಾರಾಯ್ರೆ, ನನ್ನನ್ನು ಎಂತ ಕೇಳುವುದು?"

ಸಣ್ಣ ಆಪರೇಷನ್ ಮಾಡಿ ಬಿಚ್ಚಿದರು. ಬಲ ಪೂರ್ತಿ ಬರಬಹುದು, ಬಾರದೆಯೂ ಇರಬಹುದು, ಬಂದರೂ ನಿಧಾನ ಎಂದರು. ಎಲೆ, ಹುಡಿ ಇಟ್ಟುಕೊಂಡು ಬೀಡಿ ಕಟ್ಟುವ ನನ್ನ ತಡ್ಪೆಯನ್ನು, ಅಂದರೆ ಮೊರವನ್ನು, ಸೊಸೆ ಅಟ್ಟಕ್ಕೆ ಹಾಕಿದಳು. ನಾನು ತಿಂಗಳುಗಟ್ಟಲೆ ಮಕ್ಕಳ ಹಾಗೆ ರಬ್ಬರ್ ಚೆಂಡು ಹಿಚುಕಿದೆ. ಒಂದು ದಿನ ಟಿ.ವಿ. ನೋಡುತ್ತಾ ಅಕ್ಕಿ ಆರಿಸುವಾಗ ಕೈಗೆ ಕಲ್ಲು ಸಿಕ್ಕಿತು. ಕಣ್ಣು ನೋಡಿರಲಿಲ್ಲ, ಬೆರಳಿಗೇ ಗೊತ್ತಾಗಿತ್ತು.

"ತಡ್ಪೆ ಇಳಿಸು" ಎಂದು ಕೂಗಿದೆ.

ಆಪರೇಷನ್ ಆದ ಮೇಲೆ ಮೊದಲ ಸಲ, ಉಳಿದಿದ್ದ ಹಳೆ ಎಲೆಯಲ್ಲಿ ಕಟ್ಟಿದ ಬೀಡಿ ಕೊಂಡುಹೋದಾಗ ಬ್ರಾಂಚಿನಲ್ಲಿ ಹೆಂಗಸರೆಲ್ಲ ನನ್ನ ಕೈ ನೋಡಲು ಸುತ್ತ ನಿಂತರು. ಚೆಕ್ಕರ್ ಕೈ ಹಾಕುವ ಮೊದಲೇ ನಾನು ಹೇಳಿದೆ: "ಮೇಲಿನ ಎರಡು ಕಟ್ಟು ಸಡಿಲ ಉಂಟು."

ಅವನು ಹಿಚುಕಿ ನೋಡಿದ. "ಹೌದು. ಗೊತ್ತಿದ್ದೂ ಯಾಕೆ ತಂದದ್ದು, ದೊಡ್ಡಮ್ಮ?"

"ನಿನ್ನ ಬೆರಳು ಸರಿ ಉಂಟಾ ನೋಡುವ ಅಂತ."

ಅವನು ಆ ಎರಡನ್ನು ಬಿಸಾಡಿ, ಉಳಿದದ್ದನ್ನೆಲ್ಲ ಹಿಚುಕಿ ಹಿಚುಕಿ ಒಳಗಿಟ್ಟ. ಆಮೇಲೆ ನನಗೆ ಹೊಸ ಎಲೆ ತೂಗಿ ಕೊಟ್ಟ.