ತಡವಾಗಿ ಶುರುವಾದ ಕಸರತ್ತು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮುಂಬೈಯ ಪರೇಲ್‌ನಲ್ಲಿ, ಸಾಲು ಕೋಣೆಗಳ ಮೂರು ಮಹಡಿಯ ಹಳೇ ಚಾಳ್ ಒಂದರ ಹಿಂದೆ, ನೀರಿನ ಟ್ಯಾಂಕಿಗೂ ಕಂಪೌಂಡ್ ಗೋಡೆಗೂ ನಡುವೆ ಒಂದಿಷ್ಟು ಸಿಮೆಂಟ್ ನೆಲವಿದೆ. ಅಲ್ಲಿ ನಿಂತಿದ್ದ ಎರಡು ಸ್ಕೂಟರ್‌ಗಳನ್ನು ಖಂಡಪ್ಪ ಗೋಡೆಯ ಕಡೆ ಸರಿಸುತ್ತಾರೆ. ಒಬ್ಬೊಬ್ಬರಾಗಿ ಜನ ಬಂದು ನಿಲ್ಲುತ್ತಾರೆ. ಬಿಲ್ಡಿಂಗುಗಳಲ್ಲಿ ಕಸ ಗುಡಿಸುವ ಹೆಂಗಸರು, ಹೋಟೆಲಿನ ಅಡುಗೆಯವರು, ಗಾರೆ ಕೆಲಸದವರು. ಯಾರ ಕಾಲಲ್ಲೂ ಶೂ ಇಲ್ಲ. ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ.

"ಕೈ ಮ್ಯಾಲ. ಉಸುರು ಹಿಡೀಬ್ಯಾಡ್ರಿ. ಮಹಾದೇವಿ, ಮೊಣಕೈ ನೆಟ್ಟಗ ಮಾಡವ್ವ."

ಖಂಡಪ್ಪ ಅವರಿಗೆ ಅರವತ್ತೆರಡು. ಊರು ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರದ ಹಳ್ಳಿ. ಇಲ್ಲೇ ಪರೇಲ್‌ನ ಆಸ್ಪತ್ರೆಯೊಂದರಲ್ಲಿ, ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ವಿಭಾಗದಲ್ಲಿ ಮೂವತ್ತೊಂದು ವರ್ಷ ವಾರ್ಡ್‌ಬಾಯ್ ಆಗಿದ್ದರು. ಗಾಲಿಕುರ್ಚಿ ತಳ್ಳುವುದು, ರೋಗಿಯನ್ನು ಎತ್ತಿ ಕೂರಿಸುವುದು, ಡಾಕ್ಟರು ಹೇಳಿದಂತೆ ಕೈಕಾಲು ಹಿಡಿದುಕೊಳ್ಳುವುದು ಅವರ ಕೆಲಸ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗ ಎಂಟರಿಂದ ನಾಲ್ಕರವರೆಗೆ ಮಾಟುಂಗದಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರನ್ನು ನೋಡಿಕೊಳ್ಳುತ್ತಾರೆ. ಅದಕ್ಕೂ ಮೊದಲು, ವಾರಕ್ಕೆ ಆರು ದಿನ, ನಲವತ್ತು ನಿಮಿಷ ಈ ಕಸರತ್ತು. ಹನ್ನೆರಡು ವರ್ಷದಿಂದ ನಡೆದಿದೆ. ಇಂದು ಲೆಕ್ಕ ಹಾಕಿದರೆ ಇಪ್ಪತ್ತಾರು ಜನ. ಮಳೆಗಾಲದಲ್ಲಿ ಇಷ್ಟೂ ಮಂದಿ ಚಾಳ್‌ನ ಕೆಳಗಿನ ಪ್ಯಾಸೇಜಿನಲ್ಲಿ ಒಂದೇ ಸಾಲಾಗಿ ನಿಲ್ಲುತ್ತಾರೆ.

ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮ ಯಾಕೆ ಎಂದು ಕೇಳುತ್ತೇನೆ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರಂತೆ.

"ಕೆಲಸ ಬ್ಯಾರೆ, ಕಸರತ್ತು ಬ್ಯಾರೆ ರೀ. ಕಸ ಹೊಡಿಯೋರಿಗೆ ಒಂದ ಕೈ, ಒಂದ ಸೊಂಟ ಸವೀತದ. ಉಳಿದ ಮೈ ಹಂಗ ಬಿದ್ದಿರ್ತದ. ಅದನ್ನ ಎಬ್ಬಸಬೇಕು. ಸಂಜಿಕ ಮಾಡ್ತೀನಂದ್ರ ಯಾರ ಮೈಯಾಗೂ ಏನೂ ಉಳಿದಿರಂಗಿಲ್ಲ. ಮುಂಜಾನಿ ಮೈ ಇನ್ನಾ ನಮ್ಮದಿರ್ತದ. ಆರು ಹೊಡದ ಮ್ಯಾಲ ಅದು ಮಂದಿದು."

ಎರಡನೇ ಸಾಲಿನಲ್ಲಿ ನಿಂತ ಕೊರಗಪ್ಪ ನಗುತ್ತಾರೆ. ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾರೆ. "ಹದಿನೆಂಟು ವರ್ಷ ಕಾವಲಿ ಎದುರು ನಿಂತದ್ದಲ್ವಾ, ಸ್ಟೇಷನ್ ಮೆಟ್ಟಿಲು ಇಳಿಯುವಾಗ ಕಣ್ಣಲ್ಲಿ ನೀರು ಬರ್ತಿತ್ತು ಮಾರಾಯ್ರೆ. ಈಗ ನೋವು ಇಲ್ಲ ಅಂತ ಅಲ್ಲ. ಆದರೆ ಕಂಬಿ ಹಿಡಿಯದೆ ಇಳೀತೇನೆ."

ಐದೂ ಐವತ್ತಕ್ಕೆ ಜನ ಚದುರುತ್ತಾರೆ. ಖಂಡಪ್ಪ ಟ್ಯಾಂಕಿನ ಕಟ್ಟೆಯ ಮೇಲೆ ಕೂರುತ್ತಾರೆ. ಇದನ್ನೆಲ್ಲ ಶುರುಮಾಡಿದ್ದು ಹೇಗೆ ಎಂದಾಗ ಬಂದ ಉತ್ತರಕ್ಕೆ, ಹೊಗಳಿಕೆಗೆ ಸಿದ್ಧವಾಗಿದ್ದ ನನ್ನ ಪೆನ್ನು ನಿಲ್ಲುತ್ತದೆ.

"ನಮ್ಮಕಿಗೆ ನಾ ಮಾಡಿದ ಅನ್ಯಾಯದಿಂದ ಶುರು ಆತ್ರಿ."

ಹೆಂಡತಿ ರಾಚವ್ವ ಹತ್ತಿರದ ಆಫೀಸ್ ಬಿಲ್ಡಿಂಗಿನಲ್ಲಿ ಕಸ ಗುಡಿಸುತ್ತಿದ್ದರು. ಹದಿಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರಿಗೆ ಲಕ್ವ ಹೊಡೆಯಿತು, ಬಲಭಾಗ ಬಿದ್ದುಹೋಯಿತು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಹಾಳೆ ಕೊಟ್ಟರು. ದಿನಾ ಮುಂಜಾನೆ ಅರ್ಧ ಗಂಟೆ, ಬೆರಳು ಬಿಡಿಸಬೇಕು, ಮಣಿಕಟ್ಟು ತಿರುಗಿಸಬೇಕು, ಹೆಗಲು ಎತ್ತಿಸಬೇಕು. ಮೊದಲ ಆರು ತಿಂಗಳು ಇದನ್ನು ಮಾಡಿಸದಿದ್ದರೆ ಕೈ ಮಡಚಿಕೊಂಡೇ ಉಳಿಯುತ್ತದೆ. ಈ ಮಾತನ್ನು ಖಂಡಪ್ಪ ಸ್ವತಃ ನೂರಾರು ಮನೆಯವರಿಗೆ ಹೇಳಿದ್ದರು.

"ಹನ್ನೆರಡು ದಿನ ಮಾಡ್ಸಿದೆ. ಆಮ್ಯಾಲ ಬಿಟ್ಟೆ. ಡ್ಯೂಟಿ ಹೆಚ್ಚಿತ್ತು ಅಂತ ಮಂದಿ ಮುಂದ ಹೇಳ್ತಿದ್ದೆ. ಖರೇ ಅಂದ್ರ ನಿದ್ದಿ ರೀ. ದಿನಾ ಮಂದಿ ಕೈಕಾಲು ತಿಕ್ಕಿ ತಿಕ್ಕಿ ಬ್ಯಾಸರಾಗಿತ್ತು. ಮನ್ಯಾಗೂ ಅದೇ ಏನು ಅನಿಸ್ತು. ರವಿವಾರ ಮಾಡೋಣು ಅಂತಿದ್ದೆ. ರವಿವಾರನೂ ಮಲಗ್ತಿದ್ದೆ."

ರಾಚವ್ವ ಕೇಳಲಿಲ್ಲವೇ?

"ಇಲ್ರಿ. ನಾ ಏಳೂ ತನಕ ಹಾಸಿಗಿ ಮ್ಯಾಲ ಕುಂತು ನೋಡ್ತಿದ್ಲು. ಒಂದಿನಾನೂ ಎಬ್ಬಸಲಿಲ್ಲ."

ಐದು ತಿಂಗಳು ಹೀಗೇ ಕಳೆಯಿತು. ಒಂದು ದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದರು. ಬಾಗಿಲು ತೆರೆದಿತ್ತು. ರಾಚವ್ವ ನೆಲದ ಮೇಲೆ ಕೂತು, ಎಡಗೈಯಿಂದ ಬಲಗೈಯ ಬೆರಳು ಒಂದೊಂದೇ ಬಿಡಿಸಿ ಮೊಣಕಾಲ ಕೆಳಗೆ ಒತ್ತಿ ಹಿಡಿಯುತ್ತಿದ್ದರು. ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುತ್ತಿದ್ದವು. ಎದುರಿಗೆ ಪಕ್ಕದ ಮನೆಯ ಮಹಾದೇವಿ ಆ ಹಾಳೆ ಹಿಡಿದು ಕೂತಿದ್ದಳು. ಹಾಳೆ ಮರಾಠಿಯಲ್ಲಿತ್ತು. ಮಹಾದೇವಿ ಇಲ್ಲೇ ಏಳನೇ ತರಗತಿಯವರೆಗೆ ಓದಿದವಳು. ಅವಳು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು, ರಾಚವ್ವ ಮಾಡುತ್ತಿದ್ದರು.

"ಎಷ್ಟ ದಿನಾ ಆತು ಹಿಂಗ ಮಾಡಾಕತ್ತಿ ಅಂತ ಕೇಳಿದೆ. ತಿಂಗಳಾತು ಅಂದ್ಲು. ನಂಗ್ಯಾಕ ಹೇಳಲಿಲ್ಲ ಅಂದೆ. 'ನೀವು ದಣದು ಬಂದಿರ್ತೀರಿ' ಅಂದ್ಲು. ಅಕಿ ಬೈದಿದ್ರ ಛಲೋ ಇತ್ತು."

ಮರುದಿನದಿಂದ ಖಂಡಪ್ಪ ಐದಕ್ಕೆ ಏಳತೊಡಗಿದರು. ಕೋಣೆಯಲ್ಲಿ ಜಾಗ ಸಾಲದೆ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಪ್ಯಾಸೇಜಿಗೆ ತಂದರು. ನೀರು ಹಿಡಿಯಲು ಬಂದವರು ನೋಡುತ್ತ ನಿಂತರು. ಮಹಾದೇವಿ ತನ್ನ ಹೆಗಲು ನೋಯುತ್ತದೆ ಎಂದಳು, ಅವಳಿಗೂ ಒಂದು ವ್ಯಾಯಾಮ ತೋರಿಸಿದರು. ಆಮೇಲೆ ಎದುರು ಮನೆಯ ಮರೆಪ್ಪ ಬಂದರು, ಅವರ ಹಿಂದೆ ಕೊರಗಪ್ಪ. ಜನ ಹೆಚ್ಚಿದ ಮೇಲೆ ಟ್ಯಾಂಕಿನ ಹಿಂದಿನ ಈ ಜಾಗ ಹುಡುಕಿದರು. ರಾಚವ್ವನ ಕಾಲು ಎಷ್ಟೋ ಸುಧಾರಿಸಿತು, ಗೋಡೆ ಹಿಡಿದು ನಡೆದರು. ಕೈ ಮಾತ್ರ ತೆರೆಯಲಿಲ್ಲ. ಅದರ ಹೊತ್ತು ಮೀರಿಹೋಗಿತ್ತು. ನಾಲ್ಕು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡರು.

ಇಷ್ಟು ಮಂದಿಗೆ ಒಳ್ಳೆಯದಾಗಿದೆಯಲ್ಲ, ಅದು ಸಮಾಧಾನ ತರುವುದಿಲ್ಲವೇ ಎನ್ನುತ್ತೇನೆ. ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

"ಮಹಾದೇವಿ ಹೆಗಲು ಎತ್ತತಾಳ, ಅದಕ್ಕ ಖುಷಿ ಅದ. ಇವ್ರ್ಯಾರೂ ಹಾಸಿಗಿ ಹಿಡೀಬಾರ್ದು, ಅಷ್ಟ ನನ್ನ ಆಸೆ. ಆದ್ರ ಅದು ಅಕಿ ಕೈಗೆ ಬದ್ಲಿ ಆಗಂಗಿಲ್ರಿ."

ಎಂಟರೊಳಗೆ ಮಾಟುಂಗ ಮುಟ್ಟಬೇಕು. ಎದ್ದು ನಿಂತವರು, ಹೇಳಲೋ ಬೇಡವೋ ಎಂಬಂತೆ ನಿಧಾನವಾಗಿ ಹೇಳುತ್ತಾರೆ:

"ಅಕಿ ಹೋದ ದಿನ ಹೆಣ್ಮಕ್ಕಳು ಹಸರ ಬಳಿ ತಂದ್ರು. ಎಡಗೈಗೆ ಹಾಕಿದ್ರು. ಬಲಗೈ ಮುಷ್ಟಿ ಬಿಚ್ಚಲಿಲ್ಲ, ಬಳಿ ಏರಲಿಲ್ಲ. ಕೆಳಗಿನ ಮನಿ ಅಂಬವ್ವ ಅತ್ತುಕೋತ ಅವನ್ನ ಹಂಗೇ ಎದಿ ಮ್ಯಾಲ ಇಟ್ಲು. ಎಲ್ಲಾರೂ ನಸೀಬು ಅಂದ್ರು. ನಸೀಬಲ್ಲ ರೀ ಅದು. ಐದು ತಿಂಗಳ ನನ್ನ ನಿದ್ದಿ."