ಕಾಶೀರಾಮ ಬಾಯಿ ತೆರೆದ ಸೋಮವಾರ

ಔರಾದ ಬಸ್ ನಿಲ್ದಾಣದಲ್ಲಿ ಕಾಶೀರಾಮ ಕಂಟ್ರೋಲರ್. ಬೀದರ, ಭಾಲ್ಕಿ, ಠಾಣಾ ಕುಶನೂರ ಎಂದು ಹತ್ತೊಂಬತ್ತು ವರ್ಷ ಮೈಕಿನಲ್ಲಿ ಕೂಗಿದವನು. ಎರಡು ವರ್ಷದ ಹಿಂದೆ ಅವನ ಕಿಡ್ನಿಗಳು ಕೈಕೊಟ್ಟವು. ಅಂದಿನಿಂದ ಸೋಮವಾರ, ಗುರುವಾರ ಬೀದರಿನಲ್ಲಿ ಡಯಾಲಿಸಿಸ್. ಉಳಿದ ದಿನ ಡ್ಯೂಟಿ.

ಸೂಜಿಗೆ, ಸುಸ್ತಿಗೆ ಅವನು ಹೊಂದಿಕೊಂಡಿದ್ದ. ಬಾಯಿಯ ವಾಸನೆಗೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ಕಿಡ್ನಿ ಹೊರಹಾಕದ ಹೊಲಸು ಉಸಿರಿನಲ್ಲಿ ಬರುತ್ತಿತ್ತು. ಬಸ್ಸಿನ ವೇಳೆ ಕೇಳಲು ಬಂದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದ ಮೇಲೆ, ಅವನು ಬಾಯಿಗೆ ಟವೆಲ್ ಅಡ್ಡ ಹಿಡಿದೇ ಮಾತಾಡತೊಡಗಿದ. ಹೆಂಡತಿ ಜಿಜಾಬಾಯಿಯ ಎದುರೂ ಅಷ್ಟೇ.

ಆಮೇಲೆ ವಸಡು ಊದಿತು. ಉಜ್ಜಿದರೆ ರಕ್ತ ಬರುತ್ತಿತ್ತು, ಉಜ್ಜುವುದನ್ನೇ ಬಿಟ್ಟ. ಎರಡು ದವಡೆ ಹಲ್ಲು ಅಲುಗಾಡಿದವು. ಜಿಜಾಬಾಯಿ ಕಟ್ಟಿಕೊಟ್ಟ ಜೋಳದ ರೊಟ್ಟಿ ಕಡಿಯಲು ಬಾರದೆ, ನಿಲ್ದಾಣದ ಹಿಂದೆ ದನಗಳಿಗೆ ಹಾಕಿ ಖಾಲಿ ಡಬ್ಬಿ ಮನೆಗೆ ಒಯ್ಯುತ್ತಿದ್ದ. ಹಸಿವಿಗೆ ಮೆತ್ತಗಿನದು ಸಿಕ್ಕಿದ್ದು ಬಾಳೆಹಣ್ಣು. ಅದು ತನಗೆ ಬೇಡವೆಂದು ಡಾಕ್ಟರು ಹೇಳಿದ್ದು ನೆನಪಿತ್ತು. ಒಂದರಿಂದ ಏನಾದೀತು ಎಂದುಕೊಂಡ. ಒಂದು ಎರಡಾಯಿತು. ಆ ಭಾನುವಾರ ಆರು ತಿಂದು, ಮೇಲೆ ಎಳನೀರೂ ಕುಡಿದ.

ಸೋಮವಾರ ಬೀದರಿನಲ್ಲಿ ಬಸ್ಸಿಳಿಯಲು ಅವನ ಕಾಲು ಏಳಲಿಲ್ಲ. ಆಟೊದವನೂ ಜಿಜಾಬಾಯಿಯೂ ಎತ್ತಿಕೊಂಡೇ ಆಸ್ಪತ್ರೆಗೆ ತಂದರು. ಡಯಾಲಿಸಿಸ್ ಟೆಕ್ನಿಷಿಯನ್ ಮುಸರ್ರತ ಎದೆಗೆ ವೈರು ಹಚ್ಚಿದಳು. ಇಸಿಜಿ ಕಾಗದದ ಮೇಲೆ ಗೆರೆ ಚೂಪಾಗಿ ಎದ್ದು ಎದ್ದು ಬಂತು. ಅವಳು ಡಾಕ್ಟರನ್ನು ಕೂಗಿದಳು.

"ಕಾಕಾ, ನಿನ್ನಿ ಏನ್ ತಿಂದೀರಿ?"

"ರೊಟ್ಟಿ, ಪಲ್ಯ," ಎಂದ ಟವೆಲ್ಲಿನೊಳಗಿಂದ.

"ಹೌದ್ರಿ ಮೇಡಂ, ನಾನೇ ಮಾಡಿ ಕಟ್ಟೇನಿ. ಡಾಕ್ಟರ್ ಹೇಳಿದಂಗ ಪಲ್ಯದ ನೀರು ಬಸದು ಚೆಲ್ಲೇನಿ," ಎಂದಳು ಜಿಜಾಬಾಯಿ.

ಆಕ್ಸಿಜನ್ ಮಾಸ್ಕ್ ಹಾಕಲು ಮುಸರ್ರತ ಟವೆಲ್ ಎಳೆದಳು. ಅವನು ಬಿಗಿಯಾಗಿ ಹಿಡಿದುಕೊಂಡ. ಎದೆ ಡವಗುಟ್ಟುತ್ತಿದ್ದರೂ ಅವನಿಗೆ ಅಂಜಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಅವಳು ಬೆರಳು ಬಿಡಿಸಿ ನೋಡಿದಳು. ವಸಡಿನಲ್ಲಿ ಕೀವು.

"ಇಂಥಾ ಬಾಯಿ ಇಟ್ಕೊಂಡು ರೊಟ್ಟಿ ಹ್ಯಾಂಗ ಕಡದ್ರಿ? ಸುಳ್ಳ ಹೇಳಬ್ಯಾಡ್ರಿ ಕಾಕಾ, ಜೀವದ ಮಾತದ."

"ಬಾಳಿಹಣ್ಣ," ಎಂದ. "ಆರು. ಎಳನೀರು ಸೈತ. ರೊಟ್ಟಿ ದನಕ್ಕ ಹಾಕ್ದೆ."

ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಶಿಯಂ ರಕ್ತದಲ್ಲಿ ಏರಿದೆ ಎಂದು ಕಾಗದ ನೋಡಿಯೇ ಊಹಿಸಿದ್ದ ಡಾಕ್ಟರು ಇಂಜೆಕ್ಷನ್ ಕೊಡುತ್ತಿದ್ದರು. ಬಾಳೆಹಣ್ಣು, ಎಳನೀರಿನಲ್ಲಿ ತುಂಬಿರುವ ಅದು ಎಲ್ಲಿಂದ ಬಂತೆಂಬುದು ಈಗ ತಿಳಿಯಿತು. ಮಷಿನ್ ಶುರುವಾಯಿತು. ಮೊದಲ ಒಂದು ತಾಸು ಮುಸರ್ರತ ಮಾನಿಟರಿನಿಂದ ಕಣ್ಣು ಕೀಳಲಿಲ್ಲ; ಜಿಜಾಬಾಯಿ ಮುಸರ್ರತಳ ಮುಖದಿಂದ. ಎರಡನೆಯ ತಾಸಿಗೆ ಗೆರೆಗಳು ಸರಿಯಾದವು.

ಆಗ ಜಿಜಾಬಾಯಿ ಬಾಯಿಬಿಟ್ಟಳು. "ದಿನಾ ಹೊತ್ತಿಗಿ ಮೊದಲ ಎದ್ದು ರೊಟ್ಟಿ ಬಡದೇನಲ್ರಿ, ದನಕ್ಕೇನು?"

"ವಾಸನಿ ಬರ್ತದಂತ ನಿನ್ನ ಮುಂದ ಬಾಯಿ ತೆರಿಲಿಲ್ಲ."

"ಅದು ನನಗ ಗೊತ್ತಿಲ್ಲೇನು? ಒಂದೇ ಮನ್ಯಾಗ ಇರ್ತೇವಿ. ನಿಮಗ ನಾಚಿಕಿ ಆಗ್ತದಂತ ನಾನೂ ಸುಮ್ನಿದ್ದೆ."

ಅವಳು ಟವೆಲ್ ಮಡಚಿ ಚೀಲದೊಳಗೆ ಇಟ್ಟಳು.

ಮುಸರ್ರತ ಕರೆಸಿದ ಹಲ್ಲಿನ ಡಾಕ್ಟರ್ ಆಸಿಫ ಅಲುಗಾಡುವ ಹಲ್ಲು ಕೂಡಲೇ ಕೀಳಲು ಒಪ್ಪಲಿಲ್ಲ. ಡಯಾಲಿಸಿಸ್ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತಾರೆ, ಅವತ್ತೇ ಕಿತ್ತರೆ ರಕ್ತ ನಿಲ್ಲುವುದಿಲ್ಲ ಎಂದರು. ಕೀವಿಗೆ ಮಾತ್ರೆ ಕೊಟ್ಟು, ಮುಂದಿನ ವಾರ ಡಯಾಲಿಸಿಸ್ ಆದ ಮರುದಿನ ಎರಡು ಹಲ್ಲು ಕಿತ್ತರು. ಆದರೂ ರಕ್ತ ಜಿನುಗಿತು. ಕಚ್ಚಿಕೊಂಡ ಹತ್ತಿ ಎರಡು ಸಲ ಕೆಂಪಾಯಿತು. ಮೂರನೆಯದನ್ನು ಆಸಿಫ ತಾವೇ ಬೆರಳಿನಿಂದ ಒತ್ತಿ ಹಿಡಿದರು. ಜಿಜಾಬಾಯಿ ಬಾಗಿಲಲ್ಲಿ ನಿಂತು ಒಂದೊಂದು ನಿಮಿಷ ಎಣಿಸಿದಳು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಬೆಳ್ಳಗೇ ಹೊರಬಂತು.

ಈಗ ಅವನದು ಮೆತ್ತನೆಯ ಬ್ರಷ್. ಹೆಚ್ಚು ನೀರು ಕುಡಿಯುವಂತಿಲ್ಲ, ಬಾಯಾರಿದರೆ ಮುಕ್ಕಳಿಸಿ ಉಗುಳುತ್ತಾನೆ. ಮೆತ್ತಗೆ ಬೇಯಿಸಿದ ಅನ್ನ, ದಿನಕ್ಕೆ ಮೂರು ಮೊಟ್ಟೆಯ ಬಿಳಿ ಭಾಗ. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿದಾಗ ಕುಸಿದಿದ್ದ ಪ್ರೋಟೀನ್ ಏರಿತ್ತು, ಆದರೆ ಇನ್ನೂ ಸಾಲದಾಗಿತ್ತು. ಮುಸರ್ರತ ನಾಲ್ಕನೆಯ ಮೊಟ್ಟೆ ಸೇರಿಸಲು ಹೇಳಿದಳು.

"ಮೂರೇ ಸಾಕಾಗ್ಯಾವ," ಎಂದು ಕಾಶೀರಾಮ ಮುಖ ಕಿವುಚಿದ.

"ನಾಕು ತಿಂತಾರ, ಬರಕೋರಿ," ಎಂದಳು ಜಿಜಾಬಾಯಿ.