ಪಡಿಯಚ್ಚಿನ ಮೂಲೆಯಲ್ಲಿ ಕಂಡ ಕೈ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಕೆಲಸವಿಲ್ಲದವರ ಕಟ್ಟುಕಥೆ ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ನಾನು ಶಾಸನಗಳ ಕಚೇರಿಯೊಂದರ ಗುಮಾಸ್ತ. ಮೈಸೂರಿನಿಂದ ವಡೋದರಕ್ಕೆ ವರ್ಗವಾಗಿ ಫತೇಗಂಜ್‌ನಲ್ಲಿ ಮನೆ ಮಾಡಿದ್ದೆ. ಕಚೇರಿಯಲ್ಲಿ ಆಪ್ತರಾದವರು ಧಾರವಾಡದ ಗೋವಿಂದಣ್ಣ ಒಬ್ಬರೇ. ದಿನಗೂಲಿಯ ಮೇಲೆ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಅಕ್ಷರಗಳೊಳಗೆ ಇಳಿಯುವಂತೆ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುವುದು. ಎಂದೋ ಕಲ್ಲಿನಡಿ ಸಿಕ್ಕಿ ಅವರ ಬಲಗೈಯ ಉಂಗುರಬೆರಳು ಅರ್ಧ ಹೋಗಿತ್ತು.

ಅವರ ಕೊನೆಯ ಕೆಲಸ ಗಿರ್ನಾರ್ ಬೆಟ್ಟದ ಬುಡದ ಅಶೋಕನ ಬಂಡೆಯದು. ಯಾರಿಗೂ ಓದಲು ಬಾರದಂತಾಗಿದ್ದ ಬ್ರಾಹ್ಮಿ ಲಿಪಿಯನ್ನು ಮತ್ತೆ ಓದಲು ವಿದ್ವಾಂಸರಿಗೆ ನೆರವಾದ ಕಲ್ಲುಗಳಲ್ಲಿ ಅದೂ ಒಂದು. ಆ ಅಚ್ಚಿನ ಹಸಿ ಮಸಿಗೆ ಬೆರಳು ತಾಗಿಸಲು ಹೋದ ನನ್ನ ಕೈಗೆ ಫಟ್ಟನೆ ಹೊಡೆದಿದ್ದರು. "ಮುಟ್ಟಬ್ಯಾಡೋ ತಮ್ಮಾ! ಕಲ್ಲಿನ ಮಾತಿನ ಮ್ಯಾಲೆ ನಿನ್ನ ಬೆರಳ ಯಾಕ?"

ಹಾಳೆಯ ಹಿಂಬದಿಯ ಮೂಲೆಯಲ್ಲಿ ಊರು, ಕಲ್ಲು, ತಮ್ಮ ಹೆಸರು ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಅಚ್ಚು ತೆಗೆಯುವವರ ವಾಡಿಕೆ ಅದು. ಜೀವಮಾನದ ದುಡಿಮೆಗೆ ಅವರ ಹೆಸರು ಉಳಿದದ್ದು ಆ ಮೂಲೆಗಳಲ್ಲಿ ಮಾತ್ರ.

ಅವರು ತೀರಿಕೊಂಡ ಎರಡು ವರ್ಷಕ್ಕೆ ಅಹಮದಾಬಾದಿನ ವಸ್ತ್ರಾಪುರದಲ್ಲಿ ಪಡಿಯಚ್ಚುಗಳ ಪ್ರದರ್ಶನ ಏರ್ಪಾಡಾಯಿತು. ನಮ್ಮ ಸಾಹೇಬರು ಬೆಂಗಳೂರಿನವರು. ಗಿರ್ನಾರ್ ಬಂಡೆಯ ಹಾಳೆಯನ್ನು ತಾವೇ ತೆಗೆದದ್ದೆಂದು ಫಲಕ ಬರೆಸಿದರು. ಆ ಬೆಟ್ಟದ ಬಿಸಿಲನ್ನು ಕಣ್ಣಿನಿಂದಲೂ ನೋಡದ ಮನುಷ್ಯ! ಹಾಳೆಯ ಹಿಂಬದಿಯ ಹೆಸರನ್ನು ತೋರಿಸಿದರೆ, "ಕೂಲಿಯವನ ಹೆಸರು ಯಾಕ್ರೀ ಅಲ್ಲಿ? ಅಳಿಸಿಬಿಡಿ" ಎಂದರು.

ವರ್ಗಾವಣೆಗೆ ಹೆದರಿ ಅಳಿಸಿದೆ. ಗುರುತೂ ಉಳಿಯದಂತೆ ಉಜ್ಜಿ, ಹಾಳೆ ಸುತ್ತಿ, ಕೊಳವೆಗೆ ಹಾಕಿ ಮುಚ್ಚಳಕ್ಕೆ ಅರಗು ಒತ್ತಿದೆ. ಮರುದಿನ ಬೆಳಿಗ್ಗೆ ಅಹಮದಾಬಾದಿನವರೆಗೂ ಅದು ನನ್ನ ತೊಡೆಯ ಮೇಲೇ ಇತ್ತು.

ಅತಿಥಿಗಳೆದುರು ಅರಗು ಒಡೆದು ಹಾಳೆ ಬಿಡಿಸಿದೆ. ನೇತುಹಾಕಲು ತಿರುಗಿಸಿದರೆ, ಅಳಿಸಿದ್ದ ಜಾಗದ ಮೇಲೆಯೇ ಇಡೀ ಬಲಗೈ ಒತ್ತಿದ ಗುರುತು. ಉಂಗುರಬೆರಳು ಅರ್ಧ. ಮಸಿ ಇನ್ನೂ ಹಸಿಯಾಗಿತ್ತು. ಸಾಹೇಬರು ಗಡಬಡಿಸಿ ಹಿಡಿಯಹೋದಾಗ ಅದು ಅವರ ಬಿಳಿ ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡಿತು. ಹಾಳೆಗೆ ನನ್ನ ಬೆರಳ ತುದಿಯನ್ನೂ ಸೋಕಿಸಲು ಬಿಡದಿದ್ದ ಗೋವಿಂದಣ್ಣ ಇಡೀ ಅಂಗೈ ಊರಿದ್ದರು.

"ಯಾರದ್ರೀ ಇದು?" ಎಂದು ಸಾಹೇಬರು ಗದರಿದರು.

"ಗೋವಿಂದಣ್ಣನದು ಸಾರ್. ಈ ಅಚ್ಚು ತೆಗೆದವರು ಅವರೇ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಮೂಲೆ ಕತ್ತರಿಸಿ ಎಂದರು. ನಾನು ಕತ್ತರಿ ಮುಟ್ಟಲಿಲ್ಲ. ತಿಂಗಳೊಳಗೆ ನನ್ನನ್ನು ಸೂರತ್‌ಗೆ ಎತ್ತಿಹಾಕಿದರು. ಊರ ಹೊರಗಿನ ಸಚಿನ್ ಎಂಬಲ್ಲಿಯ ಕಾರ್ಖಾನೆಗಳ ಹೊಗೆ ಕುಡಿದುಕೊಂಡು ಇಲ್ಲೇ ಇದ್ದೇನೆ. ಇರಲಿ ಬಿಡಿ.

ನನ್ನ ಕೈಯಲ್ಲಿ ಮಸಿ ಇರಲಿಲ್ಲ. ಗೋವಿಂದಣ್ಣ ಹೋದ ಮೇಲೆ ಕಚೇರಿಗೆ ಮಸಿ ತರಿಸಿಯೇ ಇರಲಿಲ್ಲ. ಎಷ್ಟು ತಲೆ ಕೆಡಿಸಿಕೊಂಡರೂ ಆ ಕೈ ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ರಬ್ಬರ್ ಹಿಡಿದ ಕೈ ಯಾರದೆಂದು ಮಾತ್ರ ಚೆನ್ನಾಗಿ ಗೊತ್ತು. ಅದನ್ನು ನೆನೆದಾಗಲೆಲ್ಲ ನನ್ನ ಮೇಲೇ ಕೆಂಡದಂಥ ಸಿಟ್ಟು ಬರುತ್ತದೆ.